ಮಲೆನಾಡಿನ ಕತ್ತಿ: ಕುಲುಮೆಯಿಂದ ಹಳುವಿನವರೆಗೆ

ಸೌದೆ ಕಡಿಯಲು, ಹಳು ಸವರಲು, ಬಿದಿರು ಮೆಳೆ ಬಿಡಿಸಲು, ಬೇಲಿಗೂಟ ಚೂಪು ಮಾಡಲು ಪಶ್ಚಿಮ ಘಟ್ಟದ ಎರಡೂ ಮಗ್ಗುಲಿನ ರೈತರು ನೆಚ್ಚಿಕೊಂಡಿರುವುದು ಕಮ್ಮಾರ ಬಡಿದು ಮಾಡಿದ ಭಾರದ ಕತ್ತಿಯನ್ನು. ಹಳೆ ಮೈಸೂರಿನ ಕಡೆ ಇದಕ್ಕೆ ಮಚ್ಚು ಎನ್ನುತ್ತಾರೆ. ಮಲೆನಾಡು, ಕರಾವಳಿಗಳಲ್ಲಿ ಕತ್ತಿ ಎಂದರೆ ಸಾಕು. ಅಲಗಿನ ಉದ್ದ ಸಾಮಾನ್ಯವಾಗಿ 25ರಿಂದ 35 ಸೆಂ.ಮೀ., ಹಿಡಿಯ ಬಳಿ ಬೆನ್ನಿನ ದಪ್ಪ 5ರಿಂದ 8 ಮಿ.ಮೀ., ತೂಕ ಅರ್ಧ ಕಿಲೋದಿಂದ ಮುಕ್ಕಾಲು ಕಿಲೋ. ಸೌದೆಗೆಂದೇ ಮಾಡಿಸಿದ್ದಾದರೆ ಒಂದು ಕಿಲೋದ ಹತ್ತಿರ. ತುದಿ ಹಕ್ಕಿಯ ಕೊಕ್ಕಿನಂತೆ ಬಾಯಿಯ ಕಡೆಗೆ ಬಾಗಿರುತ್ತದೆ. ಕತ್ತಿಯ ಭಾರವೆಲ್ಲ ಮುಂದಕ್ಕೆ ಸರಿದಿರುವುದರಿಂದ ಬೀಸಿದಾಗ ಅರ್ಧ ಕೆಲಸವನ್ನು ಆ ಭಾರವೇ ಮಾಡುತ್ತದೆ. ತೋಳು ಕೊಡಬೇಕಾದ್ದು ದಿಕ್ಕು ಮತ್ತು ವೇಗ ಮಾತ್ರ.

ಕಾಡು ಸವರುವ ಕತ್ತಿಗಳಲ್ಲಿ ಜಗತ್ತಿಗೆ ಹೆಚ್ಚು ಪರಿಚಯವಿರುವುದು ಲ್ಯಾಟಿನ್ ಅಮೆರಿಕದ ಮಶೇಟಿ. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ 1826ರಲ್ಲಿ ಶುರುವಾದ ಕಾಲಿನ್ಸ್ ಕಂಪನಿ ಇವನ್ನು ಕಾರ್ಖಾನೆಯಲ್ಲಿ ತಯಾರಿಸಿ ದಕ್ಷಿಣ ಅಮೆರಿಕಕ್ಕೆಲ್ಲ ಕಳಿಸಿತು. ಇಂದು ಬ್ರೆಜಿಲಿನ ಟ್ರಮೊಂಟಿನಾದಂಥ ಕಂಪನಿಗಳು ಆ ಕೆಲಸವನ್ನು ಮುಂದುವರಿಸಿವೆ. ಮಶೇಟಿಯನ್ನು 2ರಿಂದ 3 ಮಿ.ಮೀ. ದಪ್ಪದ ಉಕ್ಕಿನ ತಗಡಿನಿಂದ ಕತ್ತರಿಸಿ ಮಾಡುತ್ತಾರೆ. ಉದ್ದ ಹೆಚ್ಚು, ತೂಕ ಕಡಿಮೆ. ಕಬ್ಬು, ಬಾಳೆ, ಎಳೆ ಬಳ್ಳಿಗಳಂಥ ನೀರು ತುಂಬಿದ ಹಸಿರನ್ನು ಇಡೀ ದಿನ ಕಡಿಯಲು ಅದಕ್ಕಿಂತ ಒಳ್ಳೆಯ ಹತಾರ ಇಲ್ಲ. ಆದರೆ ಒಣಗಿದ ಮತ್ತಿ, ಹೊನ್ನೆಯ ಕೊಂಬೆಗೆ ಅದೇ ತಗಡನ್ನು ಬೀಸಿದರೆ ಅಲಗು ನಡುಗುತ್ತದೆ, ಮರದೊಳಗೆ ಸಿಕ್ಕಿಕೊಳ್ಳುತ್ತದೆ. ದಪ್ಪ ಬೆನ್ನಿನ ಕತ್ತಿ ಬೆಣೆಯಾಗಿಯೂ ಕೆಲಸ ಮಾಡುತ್ತದೆ: ಬಾಯಿ ನಾರನ್ನು ಕಡಿಯುತ್ತಿದ್ದಂತೆ ಹಿಂದಿನ ದಪ್ಪ ಭಾಗ ಮರವನ್ನು ಇಬ್ಬದಿಗೆ ತಳ್ಳಿ ಚಕ್ಕೆ ಎಬ್ಬಿಸುತ್ತದೆ. ಅದಕ್ಕಾಗಿಯೇ ಒಳ್ಳೆಯ ಕಮ್ಮಾರ ಬಾಯಿಯಿಂದ ಬೆನ್ನಿನವರೆಗಿನ ಮೈಯನ್ನು ಚಪ್ಪಟೆಯಾಗಿ ಬಿಡದೆ ಸ್ವಲ್ಪ ಉಬ್ಬಿಸಿರುತ್ತಾನೆ. ಉಬ್ಬಿದ ಮೈ ಮರಕ್ಕೆ ಅಂಟಿಕೊಳ್ಳುವುದಿಲ್ಲ.

ಕತ್ತಿಯ ಆಕಾರ ಊರಿನಿಂದ ಊರಿಗೆ ಬದಲಾಗುವುದಕ್ಕೆ ಕಾರಣ ಅಲ್ಲಿನ ಗಿಡಮರ ಮತ್ತು ಕೆಲಸ. ಉತ್ತರ ಕನ್ನಡದ ಅಡಿಕೆ ತೋಟಗಳಿಗೆ ಸೊಪ್ಪಿನ ಬೆಟ್ಟದ ಹಕ್ಕು ಉಂಟು. ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಎಂಬ ಲೆಕ್ಕ ಬ್ರಿಟಿಷರ ಕಾಲದಿಂದ ನಡೆದುಬಂದಿದೆ. ಆ ಬೆಟ್ಟದ ಮರಗಳಿಂದ ಇಳಿಸಿದ ಸೊಪ್ಪು ಕೊಟ್ಟಿಗೆಯ ಹಾಸಿಗೆಯಾಗಿ, ಗೊಬ್ಬರವಾಗಿ ತೋಟ ಸೇರುತ್ತದೆ. ಸೊಪ್ಪು ಕಡಿಯುವವನು ಮರ ಏರಿ, ಒಂದು ಕೈಯಲ್ಲಿ ಕೊಂಬೆ ಹಿಡಿದು, ಇನ್ನೊಂದರಲ್ಲಿ ಬೀಸಬೇಕು. ಅವನ ಕತ್ತಿ ಹಗುರ, ಬಾಗು ಹೆಚ್ಚು. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಲ್ಲಿ ಮಳೆಗಾಲಕ್ಕೆ ಮುಂಚೆ ನೆರಳಿನ ಮರಗಳ ಕೊಂಬೆ ಇಳಿಸುವ ಮರಗಸಿಯ ಕೆಲಸ ಬರುತ್ತದೆ. ಅಲ್ಲಿ ಸಿಲ್ವರ್ ಓಕ್, ಹಲಸು, ಹಾಲುವಾಣಗಳ ತೋಳಿನಷ್ಟು ದಪ್ಪದ ಕೊಂಬೆ ಕಡಿಯಬೇಕಾದ್ದರಿಂದ ಕತ್ತಿಗೆ ತೂಕ ಬೇಕು. ನೆಲದ ಮೇಲೆ ನಿಂತು ಸೌದೆ ಸೀಳುವವನಿಗೆ ಅದಕ್ಕೂ ಭಾರದ್ದು, ಬಾಗು ಕಡಿಮೆಯದ್ದು ಒಗ್ಗುತ್ತದೆ.

ತುದಿಯ ಕೊಕ್ಕಿಗೆ ಎರಡು ಕೆಲಸಗಳಿವೆ. ನೆಲಮಟ್ಟದಲ್ಲಿ ಕಡಿಯುವಾಗ ಕಲ್ಲಿಗೆ ಮೊದಲು ತಾಗುವುದು ಅದೇ. ಹಿಂದಿನ ಬಾಯಿ ಉಳಿಯುತ್ತದೆ. ಮುಳ್ಳಿನ ಪೊದೆಯನ್ನು ಕೈ ಹಾಕದೆ ಎಳೆದುಕೊಳ್ಳುವುದೂ ಅದರಿಂದಲೇ. 19ನೇ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವಾಗಿ ಭಾರತಕ್ಕೆ ಬಂದು ಈಗ ಕಾಡಂಚುಗಳನ್ನೆಲ್ಲ ನುಂಗಿರುವ ಲಂಟಾನವನ್ನು ಸವರುವವರು ಕೊಕ್ಕಿನಿಂದ ಕಾಂಡಗಳನ್ನು ಒಟ್ಟಿಗೆ ಸೆಳೆದು ಬುಡಕ್ಕೆ ಏಟು ಹಾಕುತ್ತಾರೆ. ಲಂಟಾನದ ಮಟ್ಟಿಗೆ ಕತ್ತಿ ಅರ್ಧ ದಾರಿ ಮಾತ್ರ. ಬುಡ ಉಳಿದರೆ ಮಳೆ ಬಿದ್ದೊಡನೆ ಮತ್ತೆ ಚಿಗುರುತ್ತದೆ, ಬೇರಿನ ಗಡ್ಡೆಯನ್ನು ಗುದ್ದಲಿಯಿಂದ ಕಿತ್ತರೇ ಕೆಲಸ ಮುಗಿದಂತೆ.

ಇದೇ ಅಗತ್ಯಕ್ಕೆ ಬೇರೆ ನಾಡುಗಳ ಕಮ್ಮಾರರೂ ಇಂಥದೇ ಉತ್ತರ ಕಂಡುಕೊಂಡಿದ್ದಾರೆ. ಕೇರಳದಲ್ಲಿ ವಾಕ್ಕತ್ತಿ, ತಮಿಳುನಾಡಿನಲ್ಲಿ ಅರುವಾಳ್; ಶಿವಗಂಗೈ ಜಿಲ್ಲೆಯ ತಿರುಪ್ಪಾಚೇತ್ತಿ ಅರುವಾಳಿಗೆ ಹೆಸರಾದ ಊರು. ನೇಪಾಳದ ಕುಕ್ರಿಯಲ್ಲಿ ಅಲಗೇ ನಡುವೆ ಮುರಿದಂತೆ ಮುಂದಕ್ಕೆ ಬಾಗಿದೆ. ಮಲಯ ನಾಡಿನ ಪರಾಂಗ್, ಫಿಲಿಪ್ಪೀನ್ಸಿನ ಬೋಲೋ ಕೂಡ ಮುಂದೆ ಭಾರವಾದವೇ. ಬೇಲಿ ಸವರುವ ಇಂಗ್ಲೆಂಡಿನ ಬಿಲ್‌ಹುಕ್ಕಿಗೂ ಕೊಕ್ಕು ಉಂಟು.

ಕೊಡಗಿನ ಒಡಿಕತ್ತಿಯನ್ನು ಈ ಬಳಗದಲ್ಲಿ ಬೇರೆಯಾಗಿಯೇ ನೋಡಬೇಕು. ಅಗಲವಾದ, ಮುಂದಕ್ಕೆ ಬಾಗಿದ, ಒಳಮೈಯಲ್ಲಿ ಹರಿತವಿರುವ ಈ ಕತ್ತಿ ಯುದ್ಧಕ್ಕೆ ಹೋದದ್ದು. ಬೆನ್ನ ಹಿಂದೆ ತೊಡಂಗ್ ಎಂಬ ಲೋಹದ ಕೊಂಡಿಯಲ್ಲಿ, ಒರೆಯಿಲ್ಲದೆ ಸಿಕ್ಕಿಸಿಕೊಳ್ಳುವುದು ಕೊಡವರ ರೂಢಿ. ಈಗ ಅದು ಕಾಣಿಸುವುದು ಹೆಚ್ಚಾಗಿ ಮದುವೆಯಲ್ಲಿ ನೆಟ್ಟ ಬಾಳೆದಿಂಡು ಕಡಿಯುವಾಗ ಮತ್ತು ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬದ ಪೂಜೆಯಲ್ಲಿ. ಮಲೆನಾಡಿನ ಕೂಲಿಯಾಳು ಸೊಂಟದ ಹಿಂದಿನ ಕೊಕ್ಕೆಯಲ್ಲಿ ಕತ್ತಿ ತೂಗಿಸಿಕೊಳ್ಳುವುದೂ ಇದೇ ಕ್ರಮದಲ್ಲಿ. ಮರ ಹತ್ತುವವನ ಎರಡೂ ಕೈ ಬಿಡುವಾಗಿರಬೇಕು, ಬೇಕೆಂದಾಗ ಕತ್ತಿ ಒಂದೇ ಸೆಳೆತಕ್ಕೆ ಕೈಗೆ ಬರಬೇಕು.

ಹಿಂದೆ ಇಂಥ ಕತ್ತಿಯನ್ನು ಪೂರಾ ಉಕ್ಕಿನಿಂದ ಮಾಡುತ್ತಿರಲಿಲ್ಲ. ಅದಿರನ್ನು ಇದ್ದಿಲಿನ ಒಲೆಯಲ್ಲಿ ಕಾಯಿಸಿ ತೆಗೆದ ಕಬ್ಬಿಣದಲ್ಲಿ ಇಂಗಾಲ ತೀರ ಕಡಿಮೆ. ಎಷ್ಟು ಕಾಯಿಸಿ ನೀರಿಗೆ ಅದ್ದಿದರೂ ಅದು ಗಡಸಾಗದು. 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕನನ್ 1807ರಲ್ಲಿ ಪ್ರಕಟಿಸಿದ ಪ್ರವಾಸ ಕಥನದಲ್ಲಿ ಮೈಸೂರು ಸೀಮೆಯ ಕಬ್ಬಿಣದ ಒಲೆಗಳನ್ನೂ ಉಕ್ಕಿನ ಮೂಸೆಗಳನ್ನೂ ವಿವರಿಸಿದ್ದಾನೆ. ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಾಂಡದ ಚೂರು, ಹಸಿ ಎಲೆಗಳ ಜೊತೆ ಮಣ್ಣಿನ ಮೂಸೆಯಲ್ಲಿಟ್ಟು ಬಾಯಿ ಮುಚ್ಚಿ ಕಾಯಿಸಿದರೆ ಕಟ್ಟಿಗೆಯ ಇಂಗಾಲ ಕಬ್ಬಿಣಕ್ಕೆ ಏರಿ ಉಕ್ಕಾಗುತ್ತಿತ್ತು. ಒಂದು ಮೂಸೆಗೆ ಸಿಗುತ್ತಿದ್ದ ಉಕ್ಕು ಸ್ವಲ್ಪವೇ, ಬೆಲೆ ಹೆಚ್ಚು. ಹಾಗಾಗಿ ಕತ್ತಿಯ ಮೈಯೆಲ್ಲ ಕಬ್ಬಿಣ, ಬಾಯಿಗೆ ಮಾತ್ರ ಉಕ್ಕಿನ ಪಟ್ಟಿ. ಎರಡನ್ನೂ ಬಿಳಿಗಾರ ಇಲ್ಲವೇ ನುಣುಪು ಮರಳು ಉದುರಿಸಿ, ಕಿಡಿ ಹಾರುವಷ್ಟು ಕಾಯಿಸಿ, ಬಡಿದು ಬೆಸೆಯುತ್ತಿದ್ದರು. ಉಕ್ಕು ಸವೆದಾಗ ಕತ್ತಿಯನ್ನು ಎಸೆಯದೆ ಕಮ್ಮಾರನಲ್ಲಿಗೆ ಒಯ್ದು ಹೊಸ ಉಕ್ಕು ಹಾಕಿಸುತ್ತಿದ್ದರು.

ಲಾರಿ ಬಂದ ಮೇಲೆ ಈ ಲೆಕ್ಕವೆಲ್ಲ ಬದಲಾಯಿತು. ಲಾರಿಯ ಚಕ್ರದ ಮೇಲಿನ ಪಟ್ಟೆಗಳನ್ನು, ಅಂದರೆ ಸ್ಪ್ರಿಂಗ್ ಪ್ಲೇಟುಗಳನ್ನು, ಮಾಡುವ ಉಕ್ಕಿನಲ್ಲಿ ಶೇಕಡ 0.5ರಿಂದ 0.6ರಷ್ಟು ಇಂಗಾಲ ಇರುತ್ತದೆ. ಜೊತೆಗೆ ಸಿಲಿಕಾನ್, ಮ್ಯಾಂಗನೀಸ್ ಅಥವಾ ಕ್ರೋಮಿಯಂ ಬೆರೆತಿರುತ್ತದೆ. ಸಾವಿರಾರು ಸಲ ಬಾಗಿ ಎದ್ದರೂ ಮುರಿಯಬಾರದೆಂದು ತಯಾರಾದ ಈ ಉಕ್ಕು, ಗಟ್ಟಿ ಮರಕ್ಕೆ ಬಡಿಯುವ ಕತ್ತಿಗೂ ಹೇಳಿ ಮಾಡಿಸಿದಂತಿದೆ. ಗುಜರಿಯಲ್ಲಿ ತೂಕದ ಲೆಕ್ಕದಲ್ಲಿ ಸಿಗುತ್ತದೆ, ಅಗಲವೂ ದಪ್ಪವೂ ಕತ್ತಿಗೆ ಸಮೀಪವೇ ಇದೆ. ಕರ್ನಾಟಕದ ಕುಲುಮೆಗಳಲ್ಲಿ, ನೇಪಾಳದ ಕುಕ್ರಿ ಸಾಲೆಗಳಲ್ಲಿ, ಆಗ್ನೇಯ ಏಷ್ಯಾದ ಹಳ್ಳಿಗಳಲ್ಲಿ ಒಂದೇ ಬಗೆಯ ಗುಜರಿ ಕತ್ತಿಯಾಗುತ್ತಿರುವುದು ಇದರಿಂದ. ಒಂದು ಅಪಾಯವೂ ಅದರೊಳಗೇ ಇದೆ. ಬಹಳ ವರ್ಷ ಭಾರ ಹೊತ್ತ ಪ್ಲೇಟಿನಲ್ಲಿ ಕಣ್ಣಿಗೆ ಬೀಳದ ಕೂದಲೆಳೆಯ ಬಿರುಕುಗಳಿರಬಹುದು. ಅನುಭವಿ ಕಮ್ಮಾರ ಪ್ಲೇಟಿನ ಮಧ್ಯದ ರಂಧ್ರದ ಸುತ್ತಲ ಭಾಗವನ್ನು ಬಿಟ್ಟು, ಉಳಿದದ್ದನ್ನು ತೂಗಿಸಿ ಹಿಡಿದು ಬಡಿದು ನಾದ ಕೇಳುತ್ತಾನೆ. ಬಿರುಕಿದ್ದರೆ ನಾದ ಒಡೆದಿರುತ್ತದೆ.

ಕರಾವಳಿಯಲ್ಲಿ ಕಮ್ಮಾರ ಸಾಲೆ, ಬಯಲು ಸೀಮೆಯಲ್ಲಿ ಕುಲುಮೆ ಎಂದು ಕರೆಯುವ ಈ ಜಾಗದ ಸಲಕರಣೆ ಕೆಲವೇ: ಒಲೆ, ಗಾಳಿ ಊದುವ ತಿದಿ, ಅಡಿಗಲ್ಲು, ಇಕ್ಕಳ, ಸುತ್ತಿಗೆ, ಸಮ್ಮಟಿಗೆ, ಚಾಣ, ಅರ, ಪಕ್ಕದಲ್ಲಿ ನೀರಿನ ತೊಟ್ಟಿ. ಚರ್ಮದ ತಿದಿಯ ಜಾಗಕ್ಕೆ ಕೈಯಿಂದ ತಿರುಗಿಸುವ ಬ್ಲೋವರ್, ಆಮೇಲೆ ವಿದ್ಯುತ್ ಬ್ಲೋವರ್ ಬಂದಿವೆ. ಉರುವಲು ಮರದ ಇದ್ದಿಲು. ತೆಂಗಿನ ಸೀಮೆಯಲ್ಲಿ ಕರಟದ ಇದ್ದಿಲೂ ಉಂಟು. ಗಣಿಯ ಕಲ್ಲಿದ್ದಲಿನಲ್ಲಿರುವ ಗಂಧಕ ಕಾದ ಉಕ್ಕಿಗೆ ಸೇರಿದರೆ ಅದು ಬಿರುಸಾಗುತ್ತದೆ, ಹಾಗಾಗಿ ಕತ್ತಿಯ ಕೆಲಸಕ್ಕೆ ಇದ್ದಿಲೇ ಮೇಲು.

ಪ್ಲೇಟನ್ನು ಕಾಯಿಸಿ ಚಾಣದಿಂದ ಬೇಕಾದಷ್ಟು ತುಂಡರಿಸುವುದು ಮೊದಲ ಕೆಲಸ. ಆಮೇಲೆ ಬಡಿತ. ಕಮ್ಮಾರ ಎಡಗೈಯ ಇಕ್ಕಳದಲ್ಲಿ ತುಂಡು ಹಿಡಿದು ಬಲಗೈಯ ಚಿಕ್ಕ ಸುತ್ತಿಗೆಯಿಂದ ಏಟು ಬೀಳಬೇಕಾದ ಜಾಗ ತೋರಿಸುತ್ತಾನೆ. ಎದುರಿಗಿರುವವರು ಅದೇ ಜಾಗಕ್ಕೆ ಸಮ್ಮಟಿಗೆ ಇಳಿಸುತ್ತಾರೆ. ಬಹಳ ಕುಲುಮೆಗಳಲ್ಲಿ ಸಮ್ಮಟಿಗೆ ಎತ್ತುವುದು, ತಿದಿ ಊದುವುದು ಮನೆಯ ಹೆಂಗಸರು. ಕಸುಬಿನ ಹೆಸರು ಗಂಡಸಿಗೆ ಹೋದರೂ ಕತ್ತಿಯ ಮೇಲೆ ಬಿದ್ದ ಏಟುಗಳಲ್ಲಿ ಹೆಚ್ಚಿನ ಪಾಲು ಅವರದು ಎಂಬುದನ್ನು ಇಲ್ಲಿ ಹೇಳಲೇಬೇಕು. ಉಕ್ಕು ಕಿತ್ತಳೆ ಬಣ್ಣದಲ್ಲಿರುವಾಗ ಮಾತ್ರ ಏಟು ಕೊಡಬೇಕು. ಬಣ್ಣ ಇಳಿದು ಮಬ್ಬಾದ ಮೇಲೂ ಬಡಿದರೆ ಒಳಗೆ ಸೀಳು ಹುಟ್ಟುತ್ತದೆ. ಬೆಳ್ಳಗಾಗುವಷ್ಟು ಕಾಯಿಸಿದರೆ ಉಕ್ಕಿನ ಕಣಗಳು ದಪ್ಪವಾಗಿ ಅಲಗು ಪೆಡಸಾಗುತ್ತದೆ, ಇನ್ನೂ ಮೀರಿದರೆ ಕಿಡಿ ಕಾರಿ ಸುಟ್ಟೇಹೋಗುತ್ತದೆ.

ಬಾಯಿಯ ಕಡೆ ಬಡಿದು ತೆಳುಮಾಡುತ್ತ ಹೋದಂತೆ ಆ ಬದಿ ಉದ್ದವಾಗಿ ಅಲಗು ಬೆನ್ನಿನ ಕಡೆಗೆ ಬಾಗತೊಡಗುತ್ತದೆ. ಕೊಕ್ಕಿನ ಕತ್ತಿಗೆ ಬೇಕಾದ್ದು ಇದರ ತದ್ವಿರುದ್ಧ ಬಾಗು. ಆದ್ದರಿಂದ ಕಮ್ಮಾರ ಮೊದಲೇ ತುಂಡನ್ನು ಬಾಯಿಯ ಕಡೆಗೆ ಅತಿಯಾಗಿ ಬಗ್ಗಿಸಿಟ್ಟುಕೊಂಡಿರುತ್ತಾನೆ. ಬಡಿತ ಮುಗಿಯುವ ಹೊತ್ತಿಗೆ ಅದು ಬೇಕಾದಷ್ಟೇ ಬಾಗಿಗೆ ಬಂದು ನಿಲ್ಲುತ್ತದೆ. ಅಳತೆಯ ಚೀಟಿ, ಅಚ್ಚು ಯಾವುದೂ ಇಲ್ಲದೆ ಒಂದೇ ಬಗೆಯ ಹತ್ತಾರು ಕತ್ತಿ ಬಡಿಯಬಲ್ಲ ಕೈ ತಯಾರಾಗಲು ವರ್ಷಗಳು ಬೇಕು. ಆಕಾರ ಬಂದ ಮೇಲೆ ಕತ್ತಿಯನ್ನು ಕೆಂಪಗೆ ಕಾಯಿಸಿ ಬೂದಿಯಲ್ಲಿ ಹುಗಿದು ನಿಧಾನ ಆರಲು ಬಿಡುತ್ತಾರೆ. ಬಡಿತದಲ್ಲಿ ಒಳಗೆ ಉಳಿದ ಬಿಗುವು ಇದರಿಂದ ಸಡಿಲಾಗುತ್ತದೆ, ಅರ ಹಾಕುವುದಕ್ಕೂ ಮೈ ಮೆತ್ತಗಾಗುತ್ತದೆ.

ಇಲ್ಲಿಯವರೆಗಿನದು ಬರೀ ಆಕಾರ. ಕತ್ತಿ ಕತ್ತಿಯಾಗುವುದು ಹದ ಕೊಡುವ ಕೆಲವು ನಿಮಿಷಗಳಲ್ಲಿ. ಉಕ್ಕನ್ನು ಸುಮಾರು 730 ಡಿಗ್ರಿ ಸೆಲ್ಸಿಯಸ್ ದಾಟಿಸಿದರೆ ಕಬ್ಬಿಣದ ಪರಮಾಣುಗಳ ಜೋಡಣೆ ಬದಲಾಗಿ ಇಂಗಾಲ ಅದರೊಳಗೆ ಕರಗುತ್ತದೆ. ಮೆಲ್ಲಗೆ ಆರಿಸಿದರೆ ಇಂಗಾಲ ಹೊರಬಿದ್ದು ಉಕ್ಕು ಮೆತ್ತಗಾಗುತ್ತದೆ. ಥಟ್ಟನೆ ತಣಿಸಿದರೆ ಹೊರಬೀಳಲು ಹೊತ್ತು ಸಾಲದೆ ಇಂಗಾಲ ಅಲ್ಲೇ ಸಿಕ್ಕಿಬೀಳುತ್ತದೆ. ಜೋಡಣೆ ಬಿಗಿದುಕೊಂಡು ಉಕ್ಕು ವಿಪರೀತ ಗಡಸಾಗುತ್ತದೆ. ಕಾವು ಸಾಕಾಯಿತೇ ಎಂದು ತಿಳಿಯಲು ಥರ್ಮಾಮೀಟರ್ ಬೇಕಿಲ್ಲ. ಸುಮಾರು 770 ಡಿಗ್ರಿಯಲ್ಲಿ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ, ಅದಕ್ಕಿಂತ ತುಸು ಮೇಲಿನ ಕಾವೇ ಬೇಕಾದ್ದು. ಹಳೆಯ ಕಮ್ಮಾರರು ಇದನ್ನು ಬಣ್ಣದಲ್ಲೇ ಗುರುತಿಸುತ್ತಾರೆ. ಕುಲುಮೆಗಳು ಕತ್ತಲಾಗಿರುವುದು ಬಡತನದಿಂದ ಎಂದುಕೊಳ್ಳುವವರುಂಟು. ಬಿಸಿಲಿನಲ್ಲಿ ಕೆಂಪು ಮತ್ತು ಕಿತ್ತಳೆಯ ನಡುವಿನ ವ್ಯತ್ಯಾಸ ಕಾಣುವುದಿಲ್ಲ ಎಂಬುದೂ ಅದಕ್ಕೆ ಕಾರಣ.

ತಣಿಸುವಾಗ ಕಮ್ಮಾರ ಇಡೀ ಕತ್ತಿಯನ್ನು ನೀರಿಗೆ ಹಾಕುವುದಿಲ್ಲ. ಬಾಯಿಯನ್ನು ಮಾತ್ರ ಒಂದೆರಡು ಬೆರಳಗಲ ಅದ್ದಿ, ಒಂದೇ ಕಡೆ ನಿಲ್ಲಿಸದೆ ಹಿಂದೆ ಮುಂದೆ ಆಡಿಸುತ್ತಾನೆ. ನೇಪಾಳದ ಕುಕ್ರಿ ಮಾಡುವವರು ಇದೇ ಫಲಕ್ಕಾಗಿ ಕಾದ ಅಲಗಿನ ಬಾಯಿಯ ಉದ್ದಕ್ಕೂ ಕೆಟಲಿನಿಂದ ನೀರು ಸುರಿಯುತ್ತಾರೆ. ಬಾಯಿ ಗಡಸಾಗುತ್ತದೆ, ಬೆನ್ನು ಮೆತ್ತಗೆ ಉಳಿಯುತ್ತದೆ. ಸ್ಪ್ರಿಂಗ್ ಉಕ್ಕಿನಲ್ಲಿರುವ ಸಿಲಿಕಾನ್, ಕ್ರೋಮಿಯಂಗಳಿಂದಾಗಿ ಅದು ಎಣ್ಣೆಯಲ್ಲಿ ತಣಿಸಿದರೂ ಗಡಸಾಗಬಲ್ಲದು. ತಣ್ಣೀರಿನ ಹೊಡೆತಕ್ಕೆ ತೆಳು ಬಾಯಿ ಬಿರಿಯುವ ಭಯ ಇರುವುದರಿಂದ ಹಲವರು ಎಣ್ಣೆಯನ್ನೇ ಬಳಸುತ್ತಾರೆ.

ಹೀಗೆ ತಣಿದ ಬಾಯಿ ಗಾಜಿನ ಹಾಗೆ ಒಡೆಯುವ ಸ್ಥಿತಿಯಲ್ಲಿರುತ್ತದೆ. ಅದನ್ನು ತುಸು ಇಳಿಸಬೇಕು. ಕಮ್ಮಾರ ಬಾಯಿಯನ್ನು ಹೊರತೆಗೆದು, ಕಲ್ಲಿನ ಚೂರಿನಿಂದ ಉಜ್ಜಿ ಹೊಳಪು ಬರಿಸಿ, ಕಣ್ಣಿಟ್ಟು ಕಾಯುತ್ತಾನೆ. ಬೆನ್ನಿನಲ್ಲಿ ಉಳಿದ ಕಾವು ಮೆಲ್ಲಗೆ ಬಾಯಿಯತ್ತ ಹರಿದಂತೆ ಹೊಳಪಿನ ಮೇಲೆ ಬಣ್ಣಗಳು ಸರಿದುಬರುತ್ತವೆ: ಸುಮಾರು 220 ಡಿಗ್ರಿಗೆ ಒಣಹುಲ್ಲಿನ ಹಳದಿ, 255ರ ಹೊತ್ತಿಗೆ ಕಂದು, 275ಕ್ಕೆ ನೇರಳೆ, 300ರ ಸಮೀಪ ನೀಲಿ. ಇದು ಉಕ್ಕಿನ ಮೇಲ್ಮೈಯಲ್ಲಿ ಕಟ್ಟುವ ಆಕ್ಸೈಡಿನ ತೆಳು ಪೊರೆಯ ಬಣ್ಣ. ಪೊರೆ ದಪ್ಪವಾದಂತೆ ಬಣ್ಣ ಬದಲಾಗುತ್ತದೆ. ಸೊಪ್ಪು ಕಡಿಯುವ ಕತ್ತಿಗೆ ಹಳದಿ–ಕಂದಿನ ನಡುವೆ ನಿಲ್ಲಿಸಬಹುದು, ಸೌದೆಯ ಕತ್ತಿಗೆ ಕಂದು ದಾಟಿ ನೇರಳೆಯವರೆಗೆ ಬಿಡಬೇಕು. ಬೇಕಾದ ಬಣ್ಣ ಬಾಯಿ ಮುಟ್ಟಿದ ಕ್ಷಣಕ್ಕೆ ಕತ್ತಿಯನ್ನು ನೀರಿಗಿಳಿಸಿ ಅಲ್ಲಿಗೆ ತಡೆಯುತ್ತಾರೆ. ಭಾರದ ಕತ್ತಿಯ ಬಾಯಿಗೆ ರಾಕ್‌ವೆಲ್ ಸಿ ಮಾಪಕದಲ್ಲಿ 50ರಿಂದ 56ರಷ್ಟು ಗಡಸುತನ ಹಿತ. ಅಡುಗೆಮನೆಯ ಒಳ್ಳೆಯ ಚಾಕುವಿನಂತೆ ಅದನ್ನು 60ಕ್ಕೆ ಏರಿಸಿದರೆ ಗಂಟು ಮರಕ್ಕೆ ಬಿದ್ದ ಮೊದಲ ದಿನವೇ ಬಾಯಿಯಿಂದ ಚೂರು ಹಾರುತ್ತದೆ. ಕೈಕೆಲಸದ ಕತ್ತಿಯ ಹಿರಿಮೆಯೆಲ್ಲ ಇಲ್ಲಿದೆ: ಒಂದೇ ತುಂಡು ಉಕ್ಕಿನೊಳಗೆ ಕಚ್ಚುವ ಬಾಯಿಯೂ ಏಟು ನುಂಗುವ ಬೆನ್ನೂ ಇವೆ, ಮತ್ತು ಆ ಎರಡರ ಪ್ರಮಾಣವನ್ನು ಕೊಳ್ಳುವವನ ಕೆಲಸ ನೋಡಿ ನಿರ್ಧರಿಸಲಾಗಿದೆ. ತಗಡು ಕತ್ತರಿಸಿ ಮಾಡಿ ಪೇಟೆಗೆ ಬರುವ ಅಗ್ಗದ ಕತ್ತಿ ಉದ್ದಗಲಕ್ಕೂ ಒಂದೇ ಹದದಲ್ಲಿರುತ್ತದೆ.

ಹಿಡಿಯನ್ನು ಎರಡು ಬಗೆಯಲ್ಲಿ ಕೂರಿಸುತ್ತಾರೆ. ಅಲಗಿನ ಹಿಂಬದಿಯನ್ನು ಚೂಪಾಗಿ ಎಳೆದು, ಅದನ್ನು ಕಾಯಿಸಿ ಮರದ ಹಿಡಿಯೊಳಗೆ ಇಳಿಸಿ, ಸಂದಿಗೆ ಕರಗಿಸಿದ ಅರಗು ತುಂಬುವುದು ಒಂದು. ಹಿಂಬದಿಯನ್ನು ಅಗಲವಾಗಿಯೇ ಬಿಟ್ಟು ಇಬ್ಬದಿಗೂ ಮರದ ಪಟ್ಟಿ ಇಟ್ಟು ಮೊಳೆ ಹೊಡೆದು ಬಿಗಿಯುವುದು ಇನ್ನೊಂದು. ತೀರ ಭಾರದ ಕತ್ತಿಗೆ ಇದೇ ಭದ್ರ. ಮೊದಲ ಬಗೆಯಲ್ಲಿ ಹಿಡಿಯ ಬಾಯಿಗೆ ಕಬ್ಬಿಣದ ಅಣಸು ಇಲ್ಲದಿದ್ದರೆ ಮರ ಸೀಳುತ್ತದೆ. ಹಿಡಿಯ ಕೊನೆ ಉಬ್ಬಿರಬೇಕು. ಮಳೆಯಲ್ಲಿ, ಬೆವರಿನಲ್ಲಿ ಕತ್ತಿ ಕೈ ಜಾರಿ ಹೋಗದಂತೆ ತಡೆಯುವುದು ಆ ಉಬ್ಬು.

ಬಳಸುವಾಗ ಏಟು ಮರದ ನಾರಿಗೆ ಓರೆಯಾಗಿ ಬೀಳಬೇಕು. ನೇರ ಅಡ್ಡಕ್ಕೆ ಬಿದ್ದ ಏಟು ಪುಟಿಯುತ್ತದೆ. ದಪ್ಪ ಕೊಂಬೆಯಾದರೆ ಕೆಳಗಿನಿಂದ ಮೊದಲು ಒಂದು ಕಚ್ಚು ಹಾಕಿ ಆಮೇಲೆ ಮೇಲಿನಿಂದ ಕಡಿಯಬೇಕು. ಇಲ್ಲದಿದ್ದರೆ ಕೊಂಬೆ ಬೀಳುವಾಗ ತೊಗಟೆಯನ್ನು ಕಾಂಡದವರೆಗೂ ಸುಲಿದುಕೊಂಡು ಹೋಗಿ ಮರಕ್ಕೆ ರೋಗ ತರುತ್ತದೆ. ಪೊದೆಯನ್ನು ಓರೆಯಾಗಿ ಕಡಿದು ಮೊಣಕಾಲೆತ್ತರದ ಚೂಪು ಕೂಳೆ ಬಿಟ್ಟುಹೋಗುವುದು ದೊಡ್ಡ ತಪ್ಪು, ಮುಂದೆ ಅಲ್ಲಿ ಎಡವಿ ಬಿದ್ದವರಿಗೆ ಅದು ಈಟಿಯೇ ಸರಿ. ಬೀಸು ಮುಗಿಯುವ ಗೆರೆಯಲ್ಲಿ ಕಾಲು ಇರಬಾರದು, ತೋಳಳತೆಯ ಎರಡರಷ್ಟು ದೂರದೊಳಗೆ ಇನ್ನೊಬ್ಬರು ಇರಬಾರದು.

ಹೊಸ ಕತ್ತಿಯ ಬಾಯಿ ಮೊದಲ ಕೆಲವು ದಿನ ಬೇಗ ಮೊಂಡಾಗುವುದುಂಟು. ಕಾಯಿಸುವಾಗ ಉಕ್ಕಿನ ಹೊರಮೈಯ ಇಂಗಾಲ ಒಲೆಯ ಗಾಳಿಗೆ ಉರಿದುಹೋಗಿ ತೆಳುವಾದ ಮೆತ್ತನೆಯ ಪದರ ಉಳಿದಿರುತ್ತದೆ. ಎರಡು ಮೂರು ಸಲ ಮಸೆದ ಮೇಲೆ ಆ ಪದರ ಸವೆದು ನಿಜವಾದ ಬಾಯಿ ಹೊರಬರುತ್ತದೆ. ಮಸೆಯಲು ನೀರು ಹನಿಸಿದ ಸಾಣೆಕಲ್ಲು, ಹೊಳೆಯ ಮರಳುಗಲ್ಲು, ಅಥವಾ ಬೆಣಚುಕಲ್ಲಿನ ಪುಡಿ ಉದುರಿಸಿದ ಮರದ ಹಲಗೆ ಸಾಕು. ಕಚ್ಚು ಬಿದ್ದಿದ್ದರೆ ಮೊದಲು ಅರ. ವಿದ್ಯುತ್ ಗ್ರೈಂಡರಿಗೆ ಹಿಡಿಯುವುದು ಈಗ ಎಲ್ಲೆಡೆ ಕಾಣುವ ರೂಢಿ, ಅದರಷ್ಟು ಕತ್ತಿಗಳನ್ನು ಇನ್ನಾವುದೂ ಹಾಳು ಮಾಡಿಲ್ಲ. ತೆಳು ಬಾಯಿ ಕ್ಷಣದಲ್ಲಿ 300 ಡಿಗ್ರಿ ದಾಟಿ ನೀಲಿಗಟ್ಟುತ್ತದೆ. ಹಾಗೆ ನೀಲಿಯಾದ ಕಡೆ ಕಮ್ಮಾರ ಕೊಟ್ಟ ಹದ ಹೋಯಿತು. ಮತ್ತೆ ಕುಲುಮೆಗೆ ಹೋಗದೆ ಅದು ಬಾರದು. ಹಲಸಿನ ಮೇಣ, ಬಾಳೆಯ ಕಲೆ ಅಂಟಿದರೆ ಸೀಮೆಎಣ್ಣೆಯಲ್ಲಿ ಒರೆಸಿ, ಮಳೆಗಾಲದಲ್ಲಿ ತೆಂಗಿನೆಣ್ಣೆ ಸವರಿಟ್ಟರೆ ತುಕ್ಕು ಹತ್ತದು.

ಕಾನೂನು ಈ ಕತ್ತಿಯನ್ನು ಕೃಷಿಯ ಹತಾರವೆಂದೇ ನೋಡುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಮನೆಬಳಕೆ ಮತ್ತು ಬೇಸಾಯಕ್ಕೆಂದೇ ಮಾಡಿದ ವಸ್ತುಗಳನ್ನು ಶಸ್ತ್ರದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳ ಮೇಲಿನ ನಿಯಮಕ್ಕೂ ಈ ವಿನಾಯಿತಿ ಉಂಟು. ತೋಟದಲ್ಲಿ ಸಹಜವಾದ ಕತ್ತಿ ಪೇಟೆಯ ಬಸ್ಸಿನಲ್ಲಿ ಸಹಜವಲ್ಲ ಎಂಬ ವಿವೇಕವನ್ನು ಒಯ್ಯುವವರು ಇಟ್ಟುಕೊಳ್ಳಬೇಕು. ಗೋಣಿತಾಟಿನಲ್ಲಿ ಸುತ್ತಿ ಕಟ್ಟಿ ಒಯ್ಯುವುದು ಹಳ್ಳಿಗರ ಕ್ರಮ.

ಕಮ್ಮಾರ ಹಿಂದೆ ಊರಿನ ಆಯಗಾರರಲ್ಲಿ ಒಬ್ಬ. ವರ್ಷವಿಡೀ ಕುಳ, ಕುಡುಗೋಲು, ಕತ್ತಿಗಳನ್ನು ಹಣಿದು ಕೊಟ್ಟು ಸುಗ್ಗಿಯಲ್ಲಿ ಕಣದಿಂದ ಧಾನ್ಯ ಪಡೆಯುತ್ತಿದ್ದ. ನೇಗಿಲು ಟ್ರ್ಯಾಕ್ಟರಿಗೆ, ಕಳೆ ಸವರುವ ಕೆಲಸ ಪೆಟ್ರೋಲ್ ಯಂತ್ರಕ್ಕೆ, ಮರ ಕಡಿಯುವುದು ಚೈನ್ ಸಾಗೆ ಹೋದಂತೆ ಕುಲುಮೆಯ ಆದಾಯ ಕುಸಿದಿದೆ. ಇದ್ದಿಲು ಸಿಗುವುದೂ ಕಷ್ಟ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆ 18 ಕಸುಬುಗಳಲ್ಲಿ ಕಮ್ಮಾರಿಕೆಯನ್ನೂ ಸೇರಿಸಿ, ಸಲಕರಣೆಗೆ 15,000 ರೂಪಾಯಿ, ಶೇಕಡ 5ರ ಬಡ್ಡಿಗೆ ಎರಡು ಕಂತಿನಲ್ಲಿ 3 ಲಕ್ಷ ರೂಪಾಯಿವರೆಗೆ ಸಾಲ ಕೊಡುತ್ತದೆ. ವಿದ್ಯುತ್ ಸುತ್ತಿಗೆ ಹಾಕಿಕೊಂಡು ಬಡಿತದ ಶ್ರಮ ತಗ್ಗಿಸಿ, ಹದದ ಕೆಲಸವನ್ನು ಕೈಯಲ್ಲೇ ಉಳಿಸಿಕೊಳ್ಳುವ ದಾರಿ ಇಂಥ ನೆರವಿನಿಂದ ಕೆಲವು ಕುಲುಮೆಗಳಿಗಾದರೂ ತೆರೆದೀತು.

ಕತ್ತಿ ಮಾಡಿಸುವವರು ಕುಲುಮೆಯಲ್ಲಿ ತಿಳಿಸಬೇಕಾದದ್ದು ಮೂರು: ಕಡಿಯುವುದು ಹಸಿಯೋ ಒಣಗಿದ್ದೋ, ನೆಲದ ಮೇಲೋ ಮರದ ಮೇಲೋ, ಬೀಸುವ ಕೈ ಎಡವೋ ಬಲವೋ. ಒಂದೇ ಬದಿಗೆ ಬಾಯಿ ಇಳಿಸಿದ ಕತ್ತಿ ಎಡಗೈಯವರಿಗೆ ಮಗ್ಗುಲು ಬದಲಾಗಬೇಕು. ಮಾಡಿದ ಕತ್ತಿಯನ್ನು ಕೊಳ್ಳುವುದಾದರೆ ಬೆನ್ನಿನ ಮೇಲಿಂದ ಕಣ್ಣಿಟ್ಟು ಅಲಗು ನೆಟ್ಟಗಿದೆಯೇ ನೋಡಬೇಕು. ಬಾಯಿಯ ಮೇಲೆ ಅರ ಎಳೆದರೆ ಅದು ಕಷ್ಟಪಟ್ಟು ಕಚ್ಚಬೇಕು: ಸಲೀಸಾಗಿ ಕಚ್ಚಿದರೆ ಹದ ಸಾಲದು, ಕಚ್ಚದೆ ಜಾರಿಯೇ ಹೋದರೆ ಗಡಸು ಮಿತಿ ಮೀರಿದೆ. ಒಣ ಬಿದಿರಿನ ಗಿಣ್ಣಿಗೆ ಹತ್ತು ಏಟು ಹಾಕಿ ಬಾಯಿಯನ್ನು ಬೆಳಕಿಗೆ ಹಿಡಿದರೆ ಉಳಿದದ್ದು ತಿಳಿಯುತ್ತದೆ. ಬಾಯಿ ಮಡಿಚಿದ್ದರೆ ಹದ ಕಡಿಮೆ, ಚೂರು ಎದ್ದಿದ್ದರೆ ಹೆಚ್ಚು. ಎರಡಕ್ಕೂ ಕತ್ತಿಯನ್ನು ಕಮ್ಮಾರನಿಗೇ ಮರಳಿಸಿದರೆ ಆತ ಮತ್ತೊಮ್ಮೆ ಕಾಯಿಸಿ ಹದ ಸರಿಮಾಡಿ ಕೊಡುತ್ತಾನೆ.